ಬೋಗುಣಿಯ ನೀರು ತಪ್ಪು ದಿಕ್ಕಿಗೆ ತಿರುಗಿದ ಬಗ್ಗೆ

ಇಂದ:
ನ್ಕಿರೋತೆ, ನಿವೃತ್ತ ಭೂಗೋಳ ಶಿಕ್ಷಕಿ,
ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಮೂರನೇ ಮನೆ,
ಮೌಂಟ್ ಕೆನ್ಯಾ ತಪ್ಪಲು.

ಗೆ:
ಮುಖ್ಯಾಧಿಕಾರಿಗಳು,
ಪ್ರವಾಸಿ ಪ್ರದರ್ಶನ ಪರವಾನಗಿ ಶಾಖೆ.

ವಿಷಯ: ಭೂಮಿಯ ತಿರುಗುವಿಕೆಗೆ ನೀರು ಅವಿಧೇಯತೆ ತೋರಿದ ಕಾರಣ ರದ್ದಾದ ಕಿನೋತಿಯ ಪರವಾನಗಿಯನ್ನು ಮರಳಿಸುವ ಬಗ್ಗೆ.

ಉಲ್ಲೇಖ: ೧. ತಮ್ಮ ತನಿಖಾಧಿಕಾರಿ ಮುಥುರಿಯವರ ಮಂಗಳವಾರದ ಆದೇಶ.
೨. ಸದರಿ ಆದೇಶಕ್ಕೆ ಆಧಾರವಾದ, ನಾನೇ ತರಗತಿಯಲ್ಲಿ ಬರೆಸಿದ ಟಿಪ್ಪಣಿ.

ಮಾನ್ಯರೇ,

೧. ಕಿನೋತಿ ಹದಿನಾಲ್ಕು ವರ್ಷಗಳಿಂದ ಭೂಮಧ್ಯರೇಖೆಯ ಫಲಕದ ಬಳಿ ತೂತು ಬೋಗುಣಿಗೆ ನೀರು ಹುಯ್ದು, ರೇಖೆಯ ಉತ್ತರಕ್ಕೆ ಎಡಸುತ್ತು, ದಕ್ಷಿಣಕ್ಕೆ ಬಲಸುತ್ತು ಎಂದು ಪ್ರವಾಸಿಗಳಿಗೆ ತೋರಿಸಿ ಬದುಕುತ್ತಿದ್ದಾನೆ. ಸೋರಿದ ನೀರನ್ನು ಚೆಲ್ಲದೆ ದಾರಿಹೋಕ ಕತ್ತೆಗಳಿಗೆ ಇಡುತ್ತಾನೆ. ಇದು ಆದೇಶದಲ್ಲಿ ನಮೂದಾಗಿಲ್ಲ.

೨. ಮುಥುರಿ, ಕಿನೋತಿ ಇಬ್ಬರೂ ನನ್ನ ವಿದ್ಯಾರ್ಥಿಗಳು. ಮಂಗಳವಾರ ಮುಥುರಿ ನನ್ನನ್ನು ಕಂಡೊಡನೆ "ಮ್ವಾಲಿಮು", ಅಂದರೆ ಗುರುಗಳೇ, ಎಂದು ಟೋಪಿ ತೆಗೆದರು, ಕುರ್ಚಿ ತರಿಸಿದರು, ಆಮೇಲೆ ಉತ್ತರದ ಕಡೆ ಬೋಗುಣಿಗೆ ತಾವೇ ನೀರು ಹುಯ್ದರು. ನೀರು ಬಲಕ್ಕೆ ಸುತ್ತಿತು.

"ಏನೋ ಇದು, ಉಲ್ಟಾ ತಿರುಗ್ತಿದೆ?"

"ಸಾರ್, ಹುಯ್ದೋರು ನೀವು. ಹುಯ್ದ ಹಾಗೆ ತಿರುಗುತ್ತೆ."

"ಯಾರು ಹುಯ್ದರೇನು? ತಿರುಗಿಸೋದು ಭೂಮಿ ಕಣೋ. ಮ್ವಾಲಿಮು ಅವರೇ ಬರೆಸಿದ್ರಲ್ಲ, ನೀನು ಕಿಟಕಿ ಆಚೆ ನೋಡ್ತಿದ್ದೆ."

ಕಿನೋತಿ ನನ್ನ ಮುಖ ನೋಡಿದ. ಅವನಿಗೆ ನಿಜ ಗೊತ್ತಿತ್ತು.

"ಮ್ವಾಲಿಮು ಬರೆಸಿದ್ರೆ ಸರಿಯೇ ಇರುತ್ತೆ ಸಾರ್. ನೀರೇ ದಡ್ಡ," ಎಂದ.

ನನ್ನ ಮಾನ ಉಳಿಯಿತು, ಅವನ ಪರವಾನಗಿ ಹೋಯಿತು. ನಾನು ಕುರ್ಚಿಯಿಂದ ಏಳಲಿಲ್ಲ.

೩. ಕಾರಣ, ಈಗ ತಿದ್ದಿಕೊಳ್ಳುತ್ತೇನೆ. ಭೂಮಿಯ ತಿರುಗುವಿಕೆ ಗಾಳಿಯನ್ನು ಬಾಗಿಸುವುದು ನಿಜ. ಆಗ್ನೇಯದ ಗಾಳಿ ಈ ರೇಖೆ ದಾಟಿದ ಮೇಲೆ ಬಲಕ್ಕೆ ಹೊರಳಿ ದೂರದ ದೇಶಗಳಿಗೆ ಮಳೆ ಒಯ್ಯುತ್ತದೆ. ಆದರೆ ಅದಕ್ಕೆ ನೂರಾರು ಮೈಲಿ ದಾರಿಯೂ ಹಲವು ದಿನಗಳೂ ಬೇಕು. ಎದುರಿಗಿರುವ ಸಣ್ಣದು ಅದರ ಗಮನಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಭೂಮಿ ತಮ್ಮ ಕಚೇರಿಯನ್ನು ಹೋಲುತ್ತದೆ. ಅರ್ಧ ನಿಮಿಷದಲ್ಲಿ ಬರಿದಾಗುವ ಬೋಗುಣಿಯನ್ನು ಅದು ತಿರುಗಿಸುವುದಿಲ್ಲ. ಅದರಲ್ಲೂ ರೇಖೆಯ ಪಕ್ಕದಲ್ಲಿ ಅದರ ಬಲ ಇಲ್ಲವೆನ್ನುವಷ್ಟು ಕಡಿಮೆ. ಚಂಡಮಾರುತಗಳು ನಮ್ಮೂರಿಗೆ ಬಾರದಿರುವುದೂ ಅದಕ್ಕೇ. ನಮಗೆ ತನಿಖಾಧಿಕಾರಿಗಳು ಮಾತ್ರ ಬರುತ್ತಾರೆ.

೪. ಮೂವತ್ತೊಂದು ವರ್ಷ ತಪ್ಪು ಬರೆಸಿದವಳು ನಾನು. ಆ ತಪ್ಪನ್ನು ಚಾಚೂ ತಪ್ಪದೆ ಬರೆದುಕೊಂಡ ಹುಡುಗ ಅಧಿಕಾರಿಯಾದ. ಕಿಟಕಿಯಾಚೆ ನೋಡಿದವನು ಕೆಲಸ ಕಳೆದುಕೊಂಡ.

ಆದ್ದರಿಂದ ಕಿನೋತಿಯ ಪರವಾನಗಿಯನ್ನು ಮರಳಿಸಬೇಕು. "ಇದು ಕೈಚಳಕ, ಭೂಮಿಯ ಕೆಲಸ ನೋಡೋದಾದ್ರೆ ಮೋಡ ನೋಡಿ" ಎಂದು ಇನ್ನು ಮುಂದೆ ಪ್ರವಾಸಿಗಳಿಗೆ ಹೇಳಲು ಅವನು ಒಪ್ಪಿದ್ದಾನೆ. ಶಿಕ್ಷೆ ಆಗಲೇಬೇಕೆಂದಿದ್ದರೆ ನನ್ನ ಟಿಪ್ಪಣಿಯನ್ನು ರದ್ದುಗೊಳಿಸಬೇಕು.

ತಪ್ಪೊಪ್ಪಿಕೊಂಡ ತಮ್ಮ ವಿಶ್ವಾಸಿ,
ನ್ಕಿರೋತೆ

ಲಗತ್ತುಗಳು: ಕೆಂಪು ಶಾಯಿಯಲ್ಲಿ ತಿದ್ದಿದ ಟಿಪ್ಪಣಿ, ತೂತು ಬೋಗುಣಿ ಒಂದು.

ವಿ.ಸೂ.: ಬೋಗುಣಿಯನ್ನು ತಮ್ಮ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ನೀರು ತಪ್ಪು ದಿಕ್ಕಿಗೆ ತಿರುಗಿದ ಪಕ್ಷದಲ್ಲಿ ತಮ್ಮ ಕಚೇರಿಯನ್ನು ಕೂಡಲೇ ರದ್ದುಗೊಳಿಸಬಾರದಾಗಿ ವಿನಂತಿ. ಕಿನೋತಿಯ ಪರವಾನಗಿಗೆ ಮೊಹರು ಬೀಳಬೇಕಾದದ್ದು ಅಲ್ಲಿಯೇ.