ಮಾವನ ಟೀಸಿ ಯಜಮಾನ್ರು

ಮಿರ್ಲೆ ಪಕ್ಕದ ಊರಿನ ಆ ಜಗಲಿಯಲ್ಲಿ ಅವತ್ತು ಬೆಳಿಗ್ಗೆ ಇದ್ದವರು ಮೂವರು: ನನ್ನ ಸೋದರಮಾವ, ಅತ್ತೆ, ಹುಣಸೂರಿನಿಂದ ಬಸ್ಸಿಳಿದು ಬಂದ ನಾನು. ಈ ಮಾವ ಜೀವಮಾನದಲ್ಲಿ ಮರ್ಯಾದೆ ಕೊಟ್ಟು ಮಾತಾಡಿದ್ದು ಒಬ್ಬರಿಗೇ ಎಂದರೆ ನಂಬುತ್ತೀರಾ? ಆ ಪುಣ್ಯಾತ್ಮರು ಮನುಷ್ಯರೂ ಅಲ್ಲ! ಗದ್ದೆ ಮಗ್ಗುಲಲ್ಲಿ ಎರಡು ಕಂಬಗಳ ನಡುವೆ ಕೂತು ಎಣ್ಣೆ ಸೋರಿಸುತ್ತಿದ್ದ ಮುದಿ ಟ್ರಾನ್ಸ್‌ಫಾರ್ಮರ್. ಊರವರಿಗೆ ಅದು ಟೀಸಿ; ಮಾವನಿಗೆ ‘ಯಜಮಾನ್ರು’.

ಅತ್ತೆ ಒಳಗೆ ಹೋಗಿ ಮಿಕ್ಸಿಗೆ ಕೈ ಹಾಕಿದ್ದೇ ತಡ, ಮಾವ ಜಗಲಿಯಿಂದಲೇ ಕೂಗಿದ: “ನಿಲ್ಸಮ್ಮೀ! ಯಜಮಾನ್ರು ಸುಸ್ತಾಗವ್ರೆ!”

“ನಾನೂ ಸುಸ್ತಾಗಿವ್ನಿ. ನನ್ಗೊಂದಿನ ಇಂಗಂದಿದ್ದೀರಾ?”

“ನೀನು ಸುಟ್ಟೋಗೋಳಲ್ಲ ಕಣಮ್ಮಿ, ಸುಡೋಳು!”

ಅವತ್ತು ನನಗೆ ದೋಸೆಗೆ ಚಟ್ನಿ ಸಿಗಲಿಲ್ಲ. ಮಾವನಿಗೆ ದೋಸೆಯೇ ಸಿಗಲಿಲ್ಲ!

ದೇಶದ ಕರೆಂಟ್ ಲೈನೆಲ್ಲ ಹಳತಾಗಿದೆ, ಎಲ್ಲೋ ಒಂದು ಕಡೆ ಕೆಟ್ಟರೆ ರಾಜ್ಯಕ್ಕೆ ರಾಜ್ಯವೇ ಕತ್ತಲಾಗುತ್ತದೆ ಎಂದು ರೇಡಿಯೋದಲ್ಲಿ ಹೇಳಿದಾಗ ಮಾವ ಮೀಸೆ ತಿರುವಿದ: “ಡೆಲ್ಲಿ ತುದಿ ಅವ್ರು ನೋಡ್ಕಳ್ಲಿ. ಈ ತುದಿ ನಾನ್ ನೋಡ್ಕತೀನಿ!”

ಈ ತುದಿಗೂ ಗಂಡಾಂತರ ಬಂತು. ಮುಂಗಾರು ಕೈಕೊಟ್ಟು ಭತ್ತದ ಸಸಿಮಡಿಗಳು ಬಾಡುತ್ತಿದ್ದವು. ಕರೆಂಟ್ ನಾಪತ್ತೆ. ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ತಂತಾನೇ ಓಡುತ್ತವೆ, ಅದೂ ಎಲ್ಲ ಒಟ್ಟಿಗೆ! ಆ ಹೊಡೆತಕ್ಕೆ ಟೀಸಿ ಸುಟ್ಟರೆ, ಬದಲಿ ಬರುವಷ್ಟರಲ್ಲಿ ಊರಿನ ಸಸಿಯೆಲ್ಲ ಒಣಹುಲ್ಲು. ಮಾವ ಪಂಪ್‌ಹೌಸಿನಿಂದ ಪಂಪ್‌ಹೌಸಿಗೆ ಓಡಿ ಆಟೋ ಆಫ್ ಮಾಡಿಸಿದ. ಪಕ್ಕದ ಗದ್ದೆಯ ಜವರಣ್ಣ ಮಾತ್ರ ಬಾಗಿಲಿಗೆ ಅಡ್ಡ ನಿಂತ.

“ನನ್ ಮೋಟ್ರು, ನನ್ನಿಷ್ಟ. ನೀನ್ಯಾವನ್ಲಾ ಕೇಳಕ್ಕೆ?”

“ವಯಸ್ಸಾದೋರ ಮೇಲೆ ಎಲ್ಲಾ ಒಂದೇ ಸಲ ಬಿದ್ರೆ ತಡೀತಾರೇನ್ಲಾ? ಒಬ್ಬೊಬ್ರಾಗಿ ಮೋಟ್ರು ಆಕಮ. ಮೊದ್ಲು ನಿಂದು, ಕಡೇಗೆ ನಂದು. ಆಯ್ತಾ?”

‘ಮೊದ್ಲು ನಿಂದು’ ಕೇಳಿ ಜವರಣ್ಣ ಮೆತ್ತಗಾದ.

ಮಧ್ಯಾಹ್ನ ಕರೆಂಟ್ ಬಂತು. ಮಾವ ಬದುವಿನ ಮೇಲೆ ನಿಂತು, “ಜವರಾ, ಆಕ್ಲಾ! ತಡೀರೋ, ಯಜಮಾನ್ರು ಉಸ್ರು ತಗಳ್ಲಿ... ಈಗ ನೀನು!” ಎನ್ನುತ್ತಿದ್ದ, ಮದುವೆ ಪಂಕ್ತಿಯಲ್ಲಿ ಬಡಿಸುವವನ ಹಾಗೆ! ಅಷ್ಟರಲ್ಲಿ ಆಚೆ ಊರಿನ ಕಡೆಯಿಂದ ‘ಢಂ!’ ಕಪ್ಪು ಹೊಗೆ. ಅವರ ಟೀಸಿ ಸುಟ್ಟಿತ್ತು. ನಮ್ಮ ಯಜಮಾನ್ರು ಗುಂಯ್‌ಗುಡುತ್ತಲೇ ಇದ್ದರು! ಮಡಿಮಡಿಗೂ ನೀರು ಬಿತ್ತು. ಶಿಳ್ಳೆಯೋ ಶಿಳ್ಳೆ! ಜವರಣ್ಣ ಮಾವನನ್ನು ಹೆಗಲ ಮೇಲೆ ಹೊತ್ತು ಕುಣಿದ. ಪಂಚಾಯ್ತಿ ಎಲೆಕ್ಷನ್ ಗೆದ್ದವರಿಗೂ ಅಂಥ ಮೆರವಣಿಗೆ ಆಗಿರಲಿಲ್ಲ!

ಕಡೆಗೆ ಮಾವನ ಸರದಿ. ಹೆಗಲಿಂದಿಳಿದು ಹೋಗಿ ಗುಂಡಿ ಒತ್ತಿದ. ಕರೆಂಟ್ ಹೋಯಿತು!

“ಯಜಮಾನ್ರಿಗೆ ಏನೂ ಆಗಿಲ್ಲ ಕಣ್ರೋ, ಓಗಿರೋದು ಲೈನು!” ಎಂದ ಮಾವ, ಇನ್ನೂ ಗೆದ್ದ ಮುಖದಲ್ಲೇ. ಜವರಣ್ಣ ಗುದ್ದಲಿ ತಂದು, ತನ್ನ ಬದು ಕಡಿದು, ನೀರನ್ನು ಮಾವನ ಮಡಿಗೆ ತಿರುಗಿಸಿದ.

ಮಾರನೇ ವರ್ಷ ಹೊಸ ಟೀಸಿ ಬಂತು. ಹಳೆಯದನ್ನು ಇಳಿಸಿ ಟ್ರ್ಯಾಕ್ಟರಿಗೆ ಹಾಕಿದರು. ಅಷ್ಟು ವರ್ಷ ಕಾವಲು ಕಾದರೂ ಮಾವ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ, ಮುಟ್ಟುವಂತೆಯೂ ಇರಲಿಲ್ಲ. ಅವತ್ತು ಟ್ರ್ಯಾಕ್ಟರ್ ಹತ್ತಿ, ಯಜಮಾನ್ರ ಮೇಲೆ ಅಂಗೈ ಇಟ್ಟು, ಕೆಳಗಿದ್ದ ಜವರಣ್ಣನ ಕಡೆ ತಿರುಗಿದ.

“ತಣ್ಣಗವ್ರೆ ಕಣ್ಲಾ” ಎಂದ.