ಸರಿಯುವ ಗೋಡೆ ಮತ್ತು ನನ್ನ ಮಾಮಾ

ನನ್ನ ಸೋದರಮಾವನಿಗೆ ಗೋಡೆಗಳೆಂದರೆ ಗೌರವವಿಲ್ಲ. ನಿಂತಲ್ಲೇ ನಿಂತಿರುವ ಗೋಡೆ ಅವರ ಪ್ರಕಾರ ಶುದ್ಧ ಸೋಮಾರಿ!

“ಲೋಕಲ್ ರೈಲಿನ್ಯಾಗ ಮೂರು ಮಂದಿ ಸೀಟಿಗೆ ನಾಲ್ಕನೇವ ಬಂದ್ರ ಮಂದಿ ಸರೀತಾರೋ ಇಲ್ಲೋ? ಮತ್ತ ಗ್ವಾಡಿಗೇನು ಧಾಡಿ?” ಎಂದು ಕೇಳುತ್ತಾರೆ. ಮೂವತ್ತು ವರ್ಷ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರಿಗೆ ಎದುರು ವಾದಿಸುವವರು ಯಾರು? ನಾನಂತೂ ಅಲ್ಲ. ನಾನು ಠಾಣೆ ಶಹರದ ಆಫೀಸೊಂದರಲ್ಲಿ ಕಾಗದಕ್ಕೆ ಪಂಚ್ ಹೊಡೆಯುವವನು. ಅದರಲ್ಲೂ ತೂತು ಸರಿಯಾದ ಜಾಗಕ್ಕೆ ಬೀಳುವುದಿಲ್ಲ.

ನಿವೃತ್ತರಾದ ಮರುತಿಂಗಳೇ ಮಾಮಾ ಗುಜರಿಗೆ ಹೊರಟಿದ್ದ ಒಂದು ಮಿನಿಬಸ್ಸನ್ನು ತಂದು, ಅದರಲ್ಲಿ ಸಂಚಾರಿ ಮನೆ ಕಟ್ಟತೊಡಗಿದರು. ಒಲೆ, ನೀರಿನ ಟಾಕಿ ಎಲ್ಲ ಕೂತವು. ಮಲಗಲು ಮಾತ್ರ ಜಾಗವಿಲ್ಲ. ಬೇರೆಯವರಾಗಿದ್ದರೆ ಒಲೆ ತೆಗೆಯುತ್ತಿದ್ದರು. ಮಾಮಾ ಬಸ್ಸಿನ ಪಕ್ಕೆಯನ್ನೇ ಕೊಯ್ದರು!

“ಬೆಂಕಿಪೆಟ್ಟಿಗಿ ನೋಡೀಯಿಲ್ಲೋ? ಒಳಗಿನ ಡಬ್ಬಿ ದಬ್ಬಿದ್ರ ಹೊರಗ ಬರ್ತದ. ಅಷ್ಟ!”

ಅಷ್ಟೇ ಆಗಿರಲಿಲ್ಲ. ಕೊಯ್ದ ಕಿಂಡಿಯಲ್ಲಿ ಒಂದು ಪುಟ್ಟ ಕೋಣೆ. ಅದರಡಿ ಎರಡು ಕಬ್ಬಿಣದ ಹಳಿ, ಹಳಿಗೆ ಹಲ್ಲು. ಬ್ಯಾಟರಿಯಿಂದ ಮೋಟರು ತಿರುಗಿದರೆ ಗೇರು ಆ ಹಲ್ಲುಗಳನ್ನು ಒಂದೊಂದಾಗಿ ನೂಕುತ್ತದೆ, ಕೋಣೆ ಮೆಲ್ಲಗೆ ಹೊರಕ್ಕೆ ಬರುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಒಳಕ್ಕೆ. ಮಳೆನೀರು ನುಗ್ಗದಂತೆ ಸುತ್ತಲೂ ರಬ್ಬರ್ ಪಟ್ಟಿ. ಬ್ಯಾಟರಿ ಸತ್ತರೆ ತಿರುಗಿಸಲು ಒಂದು ಕೈಹಿಡಿ.

ಗುಂಡಿ ಒತ್ತುವ ಕೆಲಸ ನನಗೆ ಬಂತು. “ಇದನ್ನ ನೀನೂ ಮಾಡಬಹುದು” ಎಂದರು ಮಾಮಾ. ನನ್ನ ಬಗ್ಗೆ ಅವರು ಆಡಿದ ಅತಿ ದೊಡ್ಡ ಹೊಗಳಿಕೆ ಅದು.

ಮೊದಲ ಪರೀಕ್ಷೆ ವರ್ತಕ ನಗರದ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ. ನಾನು ಗುಂಡಿ ಒತ್ತಿದೆ. ಕೋಣೆ ಹೊರಟಿತು. ಹೊರಗೇನಿದೆ ಎಂದು ಮೊದಲು ನೋಡಬೇಕಿತ್ತಂತೆ! ಸೆಕ್ರೆಟರಿಯವರ ಸ್ಕೂಟರಿಗೆ ಗೇಣು ದೂರವಿದ್ದಾಗ ದೇವರ ದಯೆಯಿಂದ ಬ್ಯಾಟರಿ ಸತ್ತಿತು. ದೇವರ ದಯೆಗೂ ಒಂದು ಮಿತಿಯಿದೆ: ಕೈಹಿಡಿಯನ್ನು ನಾನು ಮಾಮಾನ ಡೊಂಬಿವಲಿ ಮನೆಯಲ್ಲೇ ಮರೆತು ಬಂದಿದ್ದೆ. ಮಾಮಾ ಅದನ್ನು ತಂದು ತಿರುಗಿಸುವ ಹೊತ್ತಿಗೆ ಮೇಲಿನ ಮನೆಯ ಅಜ್ಜಿ ಕೋಣೆಯ ಚಾವಣಿಯ ಮೇಲೆ ಹಪ್ಪಳ ಒಣಹಾಕಿಯಾಗಿತ್ತು. ಸೆಕ್ರೆಟರಿಯವರು ನನ್ನ ಕೈಗೊಂದು ನೋಟಿಸು ಕೊಟ್ಟರು.

“ಸಾಹೇಬ್, ಪರ್ಮಿಷನ್ ಕೆ ಬಿನಾ ಏಕ್ ರೂಮ್ ಬಢಾಯಾ ಆಪ್‌ನೇ!”

ಇಡೀ ಸೊಸೈಟಿಯಲ್ಲಿ ಅನಧಿಕೃತ ಕಟ್ಟಡ ಕಟ್ಟಿದವನು ನಾನೊಬ್ಬನೇ. ಅದೂ ಗಾಲಿಯ ಮೇಲೆ!

ಅದಾದ ಮೇಲೂ ಮಾಮಾ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾಮಾ, ಮಾಮಿ, ನಾನು ಖಾರಘರದ ಗುಡ್ಡದ ಬುಡಕ್ಕೆ ಹೋದೆವು. ಕೋಣೆ ಹೊರಗೆ ಬರುವ ಮುನ್ನ ಗಾಡಿ ಮಟ್ಟಸವಾಗಿ ನಿಂತಿರಬೇಕು. ಇಲ್ಲದಿದ್ದರೆ ಭಾರವೆಲ್ಲ ಒಂದೇ ಹಳಿಗೆ ಬೀಳುತ್ತದೆ. ಮಾಮಾ ನನ್ನ ಕೈಗೆ ಗಾಳಿಗುಳ್ಳೆಯ ರಸಮಟ್ಟ ಕೊಟ್ಟು, “ಗುಳ್ಳಿ ನಡುವ ಅದ ಏನು ನೋಡು” ಎಂದರು. ನೋಡಿದೆ. ಗುಳ್ಳೆ ನಡುವೆಯೇ ಇದ್ದಂತೆ ಕಂಡಿತು. ನನ್ನ ಕನ್ನಡಕ ಮನೆಯಲ್ಲಿತ್ತು.

“ಬರೋಬ್ಬರ್ ಅದ ಮಾಮಾ!” ಎಂದು ಗುಂಡಿ ಒತ್ತಿದೆ.

ಕೋಣೆಯ ಮುಂದಿನ ತುದಿ ಹೊರಟಿತು, ಹಿಂದಿನ ತುದಿ ಅಲ್ಲೇ ಉಳಿಯಿತು. ಕಟಕಟ ಸದ್ದಾಗಿ ಇಡೀ ಕೋಣೆ ಓರೆಯಾಗಿ ಸಿಕ್ಕಿಕೊಂಡಿತು.

“ಒಂದು ಹಳಿ ಡ್ಯೂಟಿಗೆ ಹೋತು, ಇನ್ನೊಂದು ಸ್ಟ್ರೈಕ್ ಹೂಡೇದ” ಎಂದರು ಮಾಮಾ. ಬೈಯಲಿಲ್ಲ. ಕೈಹಿಡಿ ಕೊಟ್ಟು ನನ್ನನ್ನು ಗಾಡಿಯಡಿಗೆ ಕಳಿಸಿದರು. ಇಪ್ಪತ್ತು ನಿಮಿಷ ಬೆವರಿಳಿಸಿ ತಿರುಗಿಸಿದೆ. ಆಮೇಲೆ ಮಾಮಾ ಬಗ್ಗಿ ನೋಡಿ, “ಕೈಹಿಡಿ ಇನ್ನೂ ಗೇರಿಗೆ ಸಿಕ್ಕಿಲ್ಲ. ಬರೇ ಗಾಳಿ ತಿರುವಾಕತ್ತೀಯಲ್ಲೋ!” ಎಂದರು. ಮಾಮಿ ನಗುವ ಭರದಲ್ಲಿ ಚಹಾ ಚೆಲ್ಲಿಕೊಂಡರು.

ಕೊನೆಗೆ ಮಾಮಾ ತಾವೇ ಕೋಣೆಯನ್ನು ಒಳಗೆಳೆದು, ತಗ್ಗಿನ ಗಾಲಿಯ ಕೆಳಗೆ ಹಲಗೆ ಕೊಟ್ಟು, ರಸಮಟ್ಟವನ್ನು ತಾವೇ ನೋಡಿ, ಗುಂಡಿಯನ್ನು ನನಗೇ ಬಿಟ್ಟುಕೊಟ್ಟರು. ಈ ಸಲ ಕೋಣೆ ನೆಟ್ಟಗೆ, ಒಂದೇ ಸಮನೆ, ಪೂರ್ತಿ ಹೊರಗೆ ಬಂದು ನಿಂತಿತು. ಒಳಗೆ ಗೋಡೆಯುದ್ದಕ್ಕೂ ಒಂದು ಮಂಚ.

“ಮಲಕೋ” ಎಂದರು.

ಮಲಗಿದೆ. ನಾನು ಆರಡಿ ಎರಡಂಗುಲದ ಆಳು. ಆದರೂ ಪಾದದಾಚೆ ಇನ್ನೂ ಒಂದು ಗೇಣು ಉಳಿದಿತ್ತು. ಮಾಮಾ, ಮಾಮಿ ಇಬ್ಬರೂ ಐದಡಿಯ ಆಸುಪಾಸಿನವರು.

“ಇಷ್ಟು ಉದ್ದ ಯಾರಿಗೆ ಮಾಮಾ? ಅದಕ್ಕೇ ಬಸ್ಸು ಕೊಯ್ಯಬೇಕಾಯಿತು ನೋಡ್ರಿ!” ಎಂದು ನಕ್ಕೆ. ನನ್ನದಲ್ಲದ ಒಂದು ತಪ್ಪು ಸಿಕ್ಕಿತೆಂಬ ಖುಷಿ ನನಗೆ.

ಮಾಮಾ ರಬ್ಬರ್ ಪಟ್ಟಿ ನೋಡುವ ನೆಪದಲ್ಲಿ ಹೊರಗೆ ಹೋದರು. ಮಾಮಿ ಹೇಳಿದರು.

“ನೀ ನೌಕರಿಗಂತ ಬಂದು ನಮ್ಮ ಡೊಂಬಿವಲಿ ಖೋಲ್ಯಾಗ ಎರಡು ವರ್ಷ ಇದ್ದೆಲ್ಲ, ಆಗ ನಿನ್ನ ಕಾಲು ಬಾಗಲಾ ದಾಟಿ ಹೊರಗ ಬರ್ತಿದ್ವು. ಮಂದಿ ಎಡವ್ತಿದ್ರು. ಅದಕ್ಕ ನೀ ನಿದ್ದ್ಯಾಗೂ ಮುದುಡಿ ಮಲಕೋತಿದ್ದಿ. ‘ಅಕ್ಕನ ಮಗಗ ಕಾಲು ಚಾಚಾಕ ಜಾಗಾ ಕೊಡಲಿಲ್ಲ’ ಅಂತ ಅವ್ರು ಇವತ್ತಿಗೂ ಅಂತಿರ್ತಾರ.”

ಹತ್ತಡಿ ಉದ್ದಗಲದ ಒಂದೇ ಕೋಣೆಯ ಖೋಲಿ, ಅದರಲ್ಲೂ ಅರ್ಧ ತುಂಬ ಸಾಮಾನು. ನಾನು ಒಳಗೆ, ಮಾಮಿ ಒಲೆಯ ಪಕ್ಕ. ಆ ಎರಡು ವರ್ಷ ನಾನು ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಈಗ ಕಿಟಕಿಯಿಂದ ಕೇಳಿದೆ.

“ಮಾಮಾ, ಆಗ ನೀವೆಲ್ಲಿ ಮಲಗ್ತಿದ್ರಿ?”

“ಹೊರಗ ತೆರದ ಗ್ಯಾಲರ್ಯಾಗ. ಚಲೋ ಗಾಳಿ ಬರ್ತಿತ್ತು.”

“ಮಳೆಗಾಲದಾಗ?”

ಮಾಮಾ ಪಟ್ಟಿಯ ಮೇಲಿಂದ ಬೆರಳು ತೆಗೆಯಲಿಲ್ಲ.

“ಮಳಿಗಾಲದಾಗಂತೂ ಭಾಳ ಗಾಳಿ” ಎಂದರು.