ದೂರವಾಣಿ ಮತ್ತು ದೂರು

ವಾದದಲ್ಲಿ ಗೆಲ್ಲುವುದರಿಂದ ಉಂಟಾಗುವ ಅನನುಕೂಲಗಳನ್ನು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಯಾರೂ ತಿಳಿಸಲಿಲ್ಲ. ಅಲ್ಲಿ ಗೆದ್ದವನು ಬೆಳ್ಳಿಯ ಬಟ್ಟಲು ಹಿಡಿದು ಮನೆಗೆ ಹೋಗುತ್ತಾನೆ. ನಮ್ಮೂರು ಹೊಸನಗರದಲ್ಲಿ ಗೆದ್ದವನು ತಾನು ಗೆಲ್ಲಿಸಿದ ನಿಯಮದೊಂದಿಗೆ ಸಂಸಾರ ಮಾಡಬೇಕಾಗುತ್ತದೆ.

ಚೀನಾ ಯುದ್ಧದ ಮರುವರ್ಷ. ಬಿರುಗಾಳಿಗೆ ಮರಗಳುರುಳಿ ಊರಿನ ಟೆಲಿಫೋನ್ ತಂತಿಗಳೆಲ್ಲ ನೆಲ ಹಿಡಿದವು. ಯಾರ ತಂತಿಯನ್ನು ಮೊದಲು ಕಟ್ಟಬೇಕು? ಮಂಡಿಯವರು ತಮ್ಮದೆಂದರು, ಬಸ್ಸಿನ ಮಾಲೀಕರು ತಮ್ಮದೆಂದರು. ಸುಧಾರಣಾ ಸಮಿತಿಯ ಕಾರ್ಯದರ್ಶಿಯಾದ ನಾನು ಸಭೆಯಲ್ಲಿ ಎದ್ದು ನಿಂತು, ಆಪತ್ತಿನಲ್ಲಿ ಮೊದಲ ಹಕ್ಕು ಪೊಲೀಸ್ ಠಾಣೆಗೆ ಮತ್ತು ಆಸ್ಪತ್ರೆಗೆ, ಮನೆಗಳಿಗೆ ಕಡೆಯದು ಎಂದೆ. ಅಷ್ಟೇ ಅಲ್ಲ, ಆ ಫೋನುಗಳಲ್ಲಿ ಖಾಸಗಿ ಮಾತಿಗೆ ಎಡೆಯೇ ಇರಕೂಡದು ಎಂದು ವಾದಿಸಿದೆ. ಚಪ್ಪಾಳೆ ಬಿತ್ತು. ಟೆಲಿಫೋನಿನವರೂ ಒಪ್ಪಿದರು.

ಮನೆಗೆ ಬಂದರೆ ನನ್ನ ಹೆಂಡತಿ ಸರೋಜ ಮೂಕವಾದ ಫೋನಿನ ಎದುರು ಕುಳಿತಿದ್ದಳು. ಅವಳ ಅಕ್ಕನನ್ನು ಹೆರಿಗೆಗೆಂದು ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಹೆರಿಗೆ ಕಷ್ಟವೆಂಬಲ್ಲಿಗೆ ಸುದ್ದಿ ತುಂಡಾಗಿತ್ತು. ರಸ್ತೆಗೂ ಮರ ಬಿದ್ದು ಬಸ್ಸಿರಲಿಲ್ಲ.

"ನಮ್ಮನೆ ತಂತಿ ಯಾವಾಗ ಕಟ್ತಾರಂತೆ?"

"ಕಡೆಗೆ."

"ಹಾಗಂತ ಯಾರು ಹೇಳಿದ್ದು?"

ನಾನು ಕೋಟು ಕಳಚುವುದರಲ್ಲಿ ಮಗ್ನನಾದೆ.

ಠಾಣೆಯ ಫೋನಿಗೆ ಜೀವ ಬಂದಿತೆಂದು ತಿಳಿದೊಡನೆ ಇಬ್ಬರೂ ಅಲ್ಲಿಗೆ ಹೋದೆವು. ದಫೇದಾರ್ ಈರಪ್ಪನವರು ಬೆಂಚು ತೋರಿಸಿದರು, ಫೋನು ತೋರಿಸಲಿಲ್ಲ. "ರಾಯರು ಬೇಜಾರು ಮಾಡ್ಕೋಬಾರ್ದು. ಖಾಸಗಿ ಮಾತಿಗೆ ಕೊಡಬಾರ್ದು ಅಂತ ತಾವೇ ಮೇಜು ಗುದ್ದಿ ಹೇಳಿದ್ರಿ. ನಾನೂ ಚಪ್ಪಾಳೆ ಹೊಡ್ದಿದೀನಿ."

ನಿಯಮಕ್ಕೆ ಅಪವಾದವುಂಟೇ ಎಂಬ ವಿಷಯವಾಗಿ ಮಾತನಾಡಲು ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಸರೋಜ ಕೇಳಿದಳು: "ದೂರು ಕೊಟ್ರೆ ವಿಚಾರಿಸ್ಲಿಕ್ಕೆ ಫೋನು ಮಾಡ್ತೀರಾ, ದಫೇದಾರ್ರೇ?"

"ದೂರು ಅಂದ್ಮೇಲೆ ಮಾಡ್ಲೇಬೇಕಲ್ಲಮ್ಮಾ. ಏನು ಕಳೆದಿದೆ?"

"ತೀರ್ಥಹಳ್ಳಿ ಆಸ್ಪತ್ರೇಲಿರೋ ನಮ್ಮಕ್ಕನ ಸುದ್ದಿ."

"ಯಾರ ಮೇಲಾದ್ರೂ ಗುಮಾನಿ?"

"ಇವರ ಮೇಲೇ."

ಈರಪ್ಪನವರು ನಗಲಿಲ್ಲ. ತೀರ್ಥಹಳ್ಳಿ ಠಾಣೆಗೆ ಟ್ರಂಕ್ ಕಾಲ್ ಹಾಕಿಸಿದರು. ಅಲ್ಲಿಂದ ಪೇದೆಯೊಬ್ಬ ಆಸ್ಪತ್ರೆಗೆ ಹೋದನಂತೆ. ಉತ್ತರ ಬರುವ ತನಕ ಸರೋಜ ನನ್ನ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಹಿಡಿದದ್ದು ಗಂಡನನ್ನೋ ಆಪಾದಿತನನ್ನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಫೋನು ಗಣಗಣಿಸಿತು. ಈರಪ್ಪನವರು ಆಲಿಸಿ, ರಿಸೀವರನ್ನು ಅವಳ ಕೈಗೇ ಕೊಟ್ಟರು. "ನೀವೇ ಕೇಳಿ. ಹೆಣ್ಣು ಮಗು. ತಾಯೀನೂ ಆರಾಮಿದಾರೆ."

ಅವಳು ಅತ್ತು ನಕ್ಕು ಮುಗಿಸಿದ ಮೇಲೆ, ನಿಯಮಗಳ ಮಾನವೀಯ ಪಾಲನೆಯನ್ನು ಕುರಿತು ಎರಡು ಮಾತನಾಡೋಣವೆಂದು ನಾನು ಎದ್ದೆ.

"ತಾವು ಕೂತ್ಕೊಳ್ಳಿ ರಾಯರೇ," ಎಂದರು ದಫೇದಾರರು. "ಅಮ್ಮಾವ್ರು ದೂರು ಇನ್ನೂ ವಾಪಸ್ ತಗೊಂಡಿಲ್ಲ."

ಅವಳು ಇಂದಿಗೂ ತೆಗೆದುಕೊಂಡಿಲ್ಲ. ಮನೆಯಲ್ಲಿ ನಾನು ಜಾಮೀನಿನ ಮೇಲಿದ್ದೇನೆ.